ಇಲ್ಲಿ ಹಳ್ಳ ಇಲ್ಲ

ನಾನು ಒಂದು ದಾರ. ಅಂಗಡಿಯಲ್ಲಿ ಉಂಡೆ ಸುತ್ತಿಟ್ಟು ಮಾರುವ ದಾರವಲ್ಲ, ಮನೆಯಲ್ಲಿ ಹೆಣೆದದ್ದು. ಧಾರವಾಡದ ಒಂದು ಬಾಡಿಗೆ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಜಡೆ ಹೆಣೆದಂತೆ ಮೂರು ಎಳೆ ಸೇರಿಸಿ, ವೃಂದಾ ನನ್ನನ್ನು ಮಾಡಿದಳು. ಒಂದು ಎಳೆ ಅವಳ ಹಳೆಯ ಲಂಗದ ಲಾಡಿ. ಇನ್ನೊಂದು, ಅವಳ ಗಂಡ ಜಯತೀರ್ಥ ಡ್ರಿಲ್ ಮಾಸ್ತರನಾಗಿದ್ದಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಸೀಟಿಯ ದಾರ. ಮೂರನೆಯದು ಅವಳ ಸ್ಪೈಕ್ ಬೂಟಿನ ಲೇಸು. ಕಾಲೇಜಿನ ದಿನಗಳಲ್ಲಿ ಅದೇ ಬೂಟು ತೊಟ್ಟು ಅವಳು ಓಟ ಗೆದ್ದಿದ್ದಳು. ಲೇಸು ಕಿತ್ತ ಮೇಲೆ ಬೂಟುಗಳು ನಾಲಗೆ ಹೊರಚಾಚಿಕೊಂಡು ಕಪಾಟಿನ ಕೆಳಗೆ ಬಿದ್ದಿದ್ದವು. ಬೇರೆ ಲೇಸು ತಂದು ಹಾಕಬಹುದಿತ್ತು. ಅವಳು ತರಲಿಲ್ಲ.

ನನ್ನ ಎರಡೂ ತುದಿಗೆ ಒಂದೊಂದು ಕುಣಿಕೆ. ಒಂದು ಗಂಡನ ಕೈಗೆ, ಒಂದು ಹೆಂಡತಿಯ ಕೈಗೆ. ಜಯತೀರ್ಥನಿಗೆ ಮೊದಲು ಇರುಳುಗುರುಡು ಬಂತು. ಆಮೇಲೆ ಹಗಲೂ ಅಂಚುಗಳಿಂದ ಮುಚ್ಚುತ್ತ ಬಂದು, ಕೊನೆಗೆ ಒಂದು ಸೂಜಿಯ ಕಣ್ಣಿನಷ್ಟು ಬೆಳಕು ಉಳಿದು, ಅದೂ ಹೋಯಿತು. ಕೆಲಸ ಬಿಟ್ಟ. ಓದು ಹೋಯಿತು. ಉಳಿದದ್ದು ಬೆಳಗಿನ ಓಟವೊಂದೇ. ಅದನ್ನು ಉಳಿಸುವುದಕ್ಕೆ ನಾನು ಹುಟ್ಟಿದೆ.

"ಏನಿದು, ಲಂಗದ ಲಾಡಿ?" ಎಂದು ಅವನು ನನ್ನನ್ನು ಮೊದಲ ಸಲ ಬೆರಳಲ್ಲಿ ಉಜ್ಜಿ ನೋಡಿದ. "ಭಾಳ ಛಲೋ ಆತು. ಇಷ್ಟು ದಿನ ಜಗ್ಗಿ ಬಿಚ್ಚತಿದ್ದೆ, ಇನ್ನ ಹಿಡಕೊಂಡು ಓಡಬೇಕು."

ವೃಂದಾ ನಗಲಿಲ್ಲ. ಅಂದಿನಿಂದ ಅವನು ನನ್ನನ್ನು ಲಾಡಿ ಎಂದೇ ಕರೆದ.

ಧಾರವಾಡದ ರಸ್ತೆಗಳು ಜಯತೀರ್ಥನ ಅಂಗಾಲಿಗೆ ಗೊತ್ತಿದ್ದವು. ಕಣ್ಣಿದ್ದಾಗ ಓಡಿದ ಹಾದಿಯನ್ನೇ ಕಣ್ಣು ಹೋದ ಮೇಲೂ ಓಡಿದ. ಕೆಂಪು ಮಣ್ಣಿನ ಏರು, ಪೇರಲ ತೋಟದ ವಾಸನೆ, ಅದು ದಾಟಿದರೆ ಕಪ್ಪೆ ವಟಗುಟ್ಟುವ ಹಳ್ಳ. ನೀರಿನ ತಂಪು ಮೊಣಕಾಲಿಗೆ ತಾಗಿದ ಕೂಡಲೇ ಅವನೇ "ಹಳ್ಳ ಬಂತು" ಎನ್ನುತ್ತಿದ್ದ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. ವೃಂದಾಳಿಗೆ ಹೇಳುವುದು ಏನೂ ಇರುತ್ತಿರಲಿಲ್ಲ. ರಸ್ತೆ ಕಿತ್ತುಹೋದಲ್ಲಿ ಮಾತ್ರ "ತಗ್ಗು" ಎನ್ನುತ್ತಿದ್ದಳು, ಅವನು ಹಾರುತ್ತಿದ್ದ. ಓಡುವಾಗ ರಸ್ತೆಯ ಮಾತು ಬಿಟ್ಟು ಬೇರೆ ಮಾತು ಆಡಬಾರದೆಂಬುದು ಅವನು ಮಾಡಿದ ನಿಯಮ. ಕೇಳಿದಷ್ಟಕ್ಕೆ ಉತ್ತರ. 'ಅದ' ಅಥವಾ 'ಇಲ್ಲ'.

ಆದರೆ ಅವನಿಗೆ ನಿಯಮ ಇರಲಿಲ್ಲ. ಅವಳ ಹೆಜ್ಜೆ ಸ್ವಲ್ಪ ಮುಂದಾದರೆ ನನ್ನನ್ನು ಥಟ್ಟನೆ ಹಿಂದಕ್ಕೆ ಸೆಳೆಯುತ್ತಿದ್ದ. ನನ್ನೊಳಗಿನ ಸೀಟಿಯ ದಾರಕ್ಕೆ ಆ ಸೆಳೆತ ಹಳೆಯ ಪರಿಚಯ. ಎದುರು ಸಿಕ್ಕವರಿಗೆ ನಿಂತು ಹೇಳುತ್ತಿದ್ದ: "ಬ್ಯಾರೆ ದೇಶದಾಗ ಕುರುಡರಿಗೆ ನಾಯಿ ಕೊಡ್ತಾರಂತ. ನನಗ ಹೆಂಡತಿ ಕೊಟ್ಟಾರ. ಬೊಗಳೂದಿಲ್ಲ, ಅದೊಂದು ಛಲೋ." ಎದುರಿನವರು ನಗಲೋ ಬೇಡವೋ ಎಂದು ವೃಂದಾಳ ಮುಖ ನೋಡುತ್ತಿದ್ದರು. ಅವಳು ರಸ್ತೆ ನೋಡುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳು ಅವನಿಗಿಂತ ವೇಗದವಳು. ಮೊದಲಿನಿಂದಲೂ. ಅದು ಅವರಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಡುವೆ ಇರುವ ನನಗೆ ಮಾತ್ರ ಅದು ಪ್ರತಿ ಬೆಳಗ್ಗೆ ಮುಟ್ಟುತ್ತಿತ್ತು: ಅವಳ ತುದಿಯಲ್ಲಿ ಒಂದು ಸಣ್ಣ ಬಿಗಿ, ಕಟ್ಟಿದ ಕರು ತಾಯಿಯ ಕೂಗಿಗೆ ಹಗ್ಗ ಜಗ್ಗಿದ ಹಾಗೆ. ಮರುಕ್ಷಣ ಅವಳೇ ಅದನ್ನು ಸಡಿಲಿಸುತ್ತಿದ್ದಳು.

ವೃಂದಾ ಸರಕಾರಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಬಡ್ತಿಯ ಮೇಲೆ ಮಂಡ್ಯಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ಜಯತೀರ್ಥ ನನ್ನನ್ನು ಬೆರಳಿಗೆ ಸುತ್ತಿಕೊಂಡು ಬರಿ ನೆಲದ ಮೇಲೆ ಕೂತಿದ್ದ.

"ನಿನಗ ಬಡ್ತಿ. ನನಗ ಇನ್ನೊಮ್ಮೆ ಕಣ್ಣು ಹೋದಂಗ," ಎಂದ.

"ಅಲ್ಲೂ ರಸ್ತಾ ಇರ್ತಾವ್ರಿ."

"ಇರ್ತಾವ. ನಿನ್ನ ಕಣ್ಣಿಗೆ ಇರ್ತಾವ."

ಮಂಡ್ಯದಲ್ಲಿ ಅದು ನಿಜವಾಯಿತು. ಊರಿನ ಹೊರಗೆ ಕಬ್ಬಿನ ಗದ್ದೆಗಳ ನಡುವೆ ಹೊಸ ಹಾದಿ ಹುಡುಕಿದರು. ನೆಲ ಸಪಾಟು, ಅಂಗಾಲಿಗೆ ಗುರುತು ಸಿಗುವ ಏರಿಲ್ಲ, ಇಳುಕಲಿಲ್ಲ. ಎಲ್ಲ ಕಡೆ ಒಂದೇ ಸಿಹಿ ಕಮಟು ವಾಸನೆ. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಜಲ್ಲೆ ಕಾಲಿಗೆ ಸಿಕ್ಕುತ್ತಿತ್ತು. ಪ್ರತಿ ಹೆಜ್ಜೆಗೂ ಅವನು ಅವಳ ಮಾತಿಗೆ ಕಾಯಬೇಕಾಯಿತು. ಅವನು ಕಾದಷ್ಟೂ ಅವನ ನಾಲಗೆ ಹರಿತವಾಯಿತು. ಮತ್ತು ಆಗ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ವೃಂದಾಳ ಮಾತು ಕೊಂಚ ತಡವಾಗತೊಡಗಿತು. ರಸ್ತೆಗೆ ಬಾಗಿದ ಕಬ್ಬಿನ ಗರಿ ಅವನ ಕೆನ್ನೆ ಸೀಳಿದ ಮೇಲೆ "ಗರಿ ಅದ" ಎನ್ನುವಳು. ಕೆಸರಿಗೆ ಕಾಲಿಟ್ಟ ಮೇಲೆ "ಕೆಸರು." ಮರೆತಳೆಂದು ನಾನು ಅಂದುಕೊಳ್ಳಬಹುದಿತ್ತು. ಆದರೆ ಮರೆತ ಕೈ ಸಡಿಲವಾಗಿರುತ್ತದೆ. ಅವಳ ಕೈ ಹಾಗಿರಲಿಲ್ಲ.

ಕಾಲೇಜಿನಲ್ಲಿ ಕೇಳುವ ಮಂಡ್ಯದ ಮಾತು ಅವಳ ನಾಲಗೆಗೆ ಬೇಗ ಹತ್ತಿತು. ಜಯತೀರ್ಥ ಬಚ್ಚಲಲ್ಲಿರುವ ಹೊತ್ತಿಗೆ ಹಾಲು ತರುವ ಕೆಂಪರಾಜು ಮನೆಯ ಮುಂದೆ ಮೊಪೆಡ್ ತಿರುಗಿಸುವಾಗ ಅವಳು ಬಾಗಿಲಲ್ಲಿ ನಿಂತು ಎಚ್ಚರಿಸುತ್ತಿದ್ದುದನ್ನು ಮೊಳೆಗೆ ನೇತುಬಿದ್ದಿದ್ದ ನಾನು ಕೇಳಿದ್ದೇನೆ. ಜಯತೀರ್ಥ ಮಾತ್ರ ಮನೆಯಿಂದ ರಸ್ತೆ, ರಸ್ತೆಯಿಂದ ಮನೆ. ಅವನ ಕನ್ನಡ ಧಾರವಾಡದಲ್ಲೇ ಉಳಿದಿತ್ತು.

ಆ ವರ್ಷ ಊರಿನಲ್ಲಿ ಹೆಂಗಸರ ಓಟದ ಸ್ಪರ್ಧೆ ಇತ್ತು. ವೃಂದಾ ಹೆಸರು ಕೊಟ್ಟಳು. ಕಪಾಟಿನಿಂದ ಸ್ಪೈಕ್ ಬೂಟು ಹೊರಬಂತು. ಆ ರಸ್ತೆಗೆ ಅದು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಒರೆಸಿ, ಹೊಸ ಬಿಳಿ ಲೇಸು ಪೋಣಿಸಿ, ಕಿಟಕಿಯಲ್ಲಿಟ್ಟಳು. ಬಹಳ ವರ್ಷಗಳ ಮೇಲೆ ಒಂದು ಬೆಳಗ್ಗೆ, ಒಂದೇ ಒಂದು ಬೆಳಗ್ಗೆ, ಕೈಯಲ್ಲಿ ನಾನಿಲ್ಲದೆ ಓಡಬೇಕೆಂಬುದು ಅವಳ ಆಸೆ. ಗಂಡನಿಗೂ ಹೇಳಿದಳು.

"ಓಡು, ಓಡು," ಎಂದ ಜಯತೀರ್ಥ. "ನೋಡ್ಲಿಕ್ಕೆ ನಾನೂ ಬರ್ತೀನಿ." ತನ್ನ ಜೋಕಿಗೆ ತಾನೇ ನಕ್ಕ.

ಮರುದಿನ ಸಂಜೆ ಅವಳು ಬಚ್ಚಲಲ್ಲಿದ್ದಾಗ ಅವನು ಗೋಡೆ ಸವರುತ್ತ ಬಂದು, ನನ್ನ ಮೊಳೆಯ ಕೆಳಗಿನ ಕುರ್ಚಿಯಲ್ಲಿ ಕೂತು ಸ್ಪರ್ಧೆಯವರಿಗೆ ಫೋನ್ ಮಾಡಿದ. ಬಹಳ ಮೆತ್ತಗೆ, ಮರ್ಯಾದೆಯಿಂದ ಮಾತಾಡಿದ. "ನಾನು ಆಕಿ ಯಜಮಾನ್ರೀ. ಆಕಿಗೆ ಉಬ್ಬಸ ಅದ, ಹೇಳಿಕೊಳ್ಳೂದಿಲ್ಲ. ಡಾಕ್ಟ್ರು ಓಡಬ್ಯಾಡ ಅಂದಾರ. ನಾ ಫೋನ್ ಮಾಡೇನಿ ಅಂತ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಚಿಕೊಳ್ತಾಳ. ಹೆಸರು ತಗದುಬಿಡ್ರಿ."

ವೃಂದಾ ಒದ್ದೆ ಕೂದಲಿನಲ್ಲಿ ಬಾಗಿಲ ಬಳಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಕೂದಲಿನಿಂದ ನೀರು ತೊಟ್ಟಿಕ್ಕುವ ಸದ್ದು ಅವನಿಗೂ ಕೇಳಿಸಿರಬೇಕು. ಅವನು ಫೋನ್ ಕೆಳಗಿಟ್ಟು ಆ ಕಡೆಗೇ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯಲ್ಲಿ ಭಕ್ಕರಿ ತಟ್ಟುವ ಸದ್ದು ಶುರುವಾಯಿತು. ನಾನು ಕೇಳಿದ ಮೌನಗಳಲ್ಲಿ ಅಷ್ಟು ಉದ್ದವಾದದ್ದು ಇನ್ನೊಂದಿಲ್ಲ. ಊಟ, ಹಾಸಿಗೆ, ನಿದ್ದೆ ಎಲ್ಲವನ್ನೂ ದಾಟಿ ಅದು ಬೆಳಗಿನ ರಸ್ತೆಯವರೆಗೂ ಬಂತು.

ಆ ಬೆಳಗ್ಗೆ ಬೆಳಕು ಚೆನ್ನಾಗಿ ಹರಿದಿತ್ತು. ಮುಂದೆ ಯಾರೋ ಪೈಪು ಹೂಳಲು ರಸ್ತೆಯ ಒಂದು ಬದಿ ಅಗೆದಿದ್ದರು, ಆಳುದ್ದಕ್ಕಿಂತ ಸ್ವಲ್ಪ ಕಡಿಮೆ. ಅವಳು ಅದನ್ನು ದೂರದಿಂದಲೇ ಕಂಡಳು. ಅದು ನನಗೆ ಗೊತ್ತಾಯಿತು: ಅವಳ ಬೆರಳುಗಳು ಒಮ್ಮೆ ಬಿಗಿದುಕೊಂಡವು. ಎದುರಿನಿಂದ ಕೆಂಪರಾಜು ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್‌ನಲ್ಲಿ ಬಂದು ನಮ್ಮನ್ನು ದಾಟುತ್ತಲೇ ತಿರುಗಿ ಕೂಗಿದ:

"ಸಾ! ಮುಂದೆ ಹಳ್ಳ ಐತೆ ಸಾ! ಹಳ್ಳ!"

ಜಯತೀರ್ಥ ಓಡುತ್ತಲೇ ಕಿವಿಗೊಟ್ಟ. ನೀರಿನ ಸದ್ದಿಲ್ಲ. ಕಪ್ಪೆಯಿಲ್ಲ. ಮೊಣಕಾಲಿಗೆ ತಂಪಿಲ್ಲ. ಅವನು ನಕ್ಕ.

"ಈ ಊರಾಗ ಹಳ್ಳ ಎಲ್ಲಿಂದ ಬಂತು? ವೃಂದಾ, ಹಳ್ಳ ಅದ ಏನು?"

ಕೇಳಿದಷ್ಟಕ್ಕೆ ಉತ್ತರ.

"ಇಲ್ಲಿ ಹಳ್ಳ ಇಲ್ಲ," ಎಂದಳು ವೃಂದಾ.

ಅವರಿಬ್ಬರ ಭಾಷೆಯಲ್ಲಿ ಅದು ಸುಳ್ಳಲ್ಲ. ಅವನು ಹೆಜ್ಜೆಯನ್ನು ಇನ್ನೂ ಬೀಸಾಗಿ ಹಾಕಿದ. ಅವಳ ಬೆರಳುಗಳು ಒಂದೊಂದಾಗಿ ತೆರೆದುಕೊಂಡವು. ನಾನು ಹರಿಯಲಿಲ್ಲ, ಯಾರೂ ನನ್ನನ್ನು ಕಿತ್ತುಕೊಳ್ಳಲಿಲ್ಲ. ಅವಳ ಕುಣಿಕೆ ಸುಮ್ಮನೆ ಜಾರಿತು. ಅವನ ಜೊತೆಯಲ್ಲಿ ನಾನು ಕೆಳಗೆ ಹೋದೆ.

ಮೂಳೆ ಮುರಿದ ಸದ್ದು ಹಸಿ ಕಬ್ಬು ಮುರಿದ ಹಾಗೇ ಇತ್ತು. ಅವನು ಕೂಗಿದ. ಮೇಲೆ ಅವಳ ಹೆಜ್ಜೆ ಗುಂಡಿಯ ಪಕ್ಕದಿಂದ ಹಾದು, ನಿಲ್ಲದೆ, ಮುಂದಕ್ಕೆ ಹೋಯಿತು. ಮೈ ನಿಲ್ಲಲಿಲ್ಲವೋ, ಅವಳೇ ನಿಲ್ಲಲಿಲ್ಲವೋ. ಅಂಥ ಹೆಜ್ಜೆಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ: ಹಗುರ, ಸಮ, ಗಾಳಿಯಲ್ಲಿ ಹೆಚ್ಚು, ನೆಲದಲ್ಲಿ ಕಡಿಮೆ. ನನ್ನೊಳಗಿನ ಲೇಸು ಅದನ್ನು ಗುರುತಿಸಿರಬೇಕು. ಜಯತೀರ್ಥ ಕೂಗುವುದನ್ನು ನಿಲ್ಲಿಸಿ ಮುಖ ಮೇಲೆತ್ತಿ ಅದನ್ನೇ ಕೇಳಿದ. ಡ್ರಿಲ್ ಮಾಸ್ತರ ಅಲ್ಲವೇ, ಎಂಥ ಓಟ ಎಂದು ಅವನಿಗೆ ತಿಳಿಯಿತು.

ಆಮೇಲೆ ಅವಳು ಮರಳಿ ಬಂದಳು. "ಅಯ್ಯ, ತಗ್ಗು ಕಾಣಲಿಲ್ರಿ," ಎಂದಳು.

ಪಾದದ ಗಂಟಿಗೆ ಕಂಬಿ ಹಾಕಿದರು. ಅವನು ಹಾಸಿಗೆ ಹಿಡಿದಿರುವಾಗ ನಾನು ಮೊಳೆಯಲ್ಲಿದ್ದೆ. ವೃಂದಾ ದಿನವೂ ಒಬ್ಬಳೇ ಓಡಿಬರುತ್ತಿದ್ದಳು. ಸ್ಪರ್ಧೆ ಮುಗಿದುಹೋಗಿತ್ತು, ಆದರೂ ಮುಂದಿನ ವರ್ಷ ಒಂದಿದೆ ಎನ್ನುವಂತೆ ಓಡುತ್ತಿದ್ದಳು. ಬಂದವಳ ಉಸಿರು ಮನೆ ತುಂಬುತ್ತಿತ್ತು. ಅವನ ಹಾಸಿಗೆ ಬದಲಿಸುವಾಗ, ಮೈ ಒರೆಸುವಾಗ ಅವಳು ಸಣ್ಣಗೆ ಗುನುಗುತ್ತಿದ್ದಳು. ನಾನು ಅವಳನ್ನು ಸುಖವಾಗಿ ಕಂಡದ್ದು ಆಗಲೇ. ಅವನ ನೋವಿನ ಪಕ್ಕದಲ್ಲಿ.

ಒಂದು ಬೆಳಗ್ಗೆ ಅವಳು ಓಡಲು ಹೋಗಿದ್ದಾಗ ಕೆಂಪರಾಜು ಹಾಲು ತಂದವನು ಒಳಗೆ ಬಂದು ಹಾಸಿಗೆಯ ಬಳಿ ನಿಂತ.

"ನಾನ್ ಅಷ್ಟು ಕೂಗ್ದೆ ಕಣ್ ಸಾ. ಹಳ್ಳ ಹಳ್ಳ ಅಂತ. ನೀವು ನಕ್ಬುಟ್ರಿ."

"ಹಳ್ಳ ಎಲ್ಲಿತ್ತಪಾ ಅಲ್ಲಿ? ನೀರ ಇಲ್ಲ."

"ನೀರ್ಯಾಕೆ ಸಾ? ಹಳ್ಳ ಅಂದ್ರೆ ಗುಂಡಿ. ನೆಲ ತೋಡಿರ್ತಾರಲ್ಲ, ಅದು."

"ನಮ್ಮ ಕಡೆ ಅದಕ್ಕ ತಗ್ಗು ಅಂತಾರ," ಎಂದ ಜಯತೀರ್ಥ. "ಪಾಪ, ಆಕಿಗೂ ಗೊತ್ತಿಲ್ಲ."

"ಅಮ್ಮಾವ್ರಿಗಾ? ಚೆನ್ನಾಗ್ ಗೊತ್ತು! ನಾನು ಇಲ್ಲಿ ಗಾಡಿ ತಿರುಗಿಸ್ವಾಗೆಲ್ಲ ಅವರೇ ಹೇಳೋರು, 'ಹಿಂದ್ಗಡೆ ಹಳ್ಳ ಐತೆ, ನೋಡ್ಕೊಳ್ಳಪ್ಪ' ಅಂತ. ಎಷ್ಟ್ ಬೇಗ ನಮ್ ಮಾತು ಕಲ್ತ್‌ಬುಟ್ರು!"

ಕೆಂಪರಾಜು ನಗುತ್ತ ಹೋದ. ಜಯತೀರ್ಥ ಎದ್ದು, ಗೋಡೆ ಸವರಿ, ಮೊಳೆ ಹುಡುಕಿ, ನನ್ನನ್ನು ಇಳಿಸಿಕೊಂಡ. ಅವಳ ಕುಣಿಕೆಯನ್ನು ಬೆರಳಿಂದ ಸುತ್ತ ಮುಟ್ಟಿ ನೋಡಿದ. ಎಲ್ಲೂ ಹರಿದಿಲ್ಲ, ಒಂದು ನೂಲೂ ಎದ್ದಿಲ್ಲ. ಅವನು ಓದಿದ ಕೊನೆಯ ಬರಹ ನಾನೇ ಇರಬೇಕು.

ವೃಂದಾ ಬೆವರುತ್ತ ಒಳಗೆ ಬಂದಳು. ಅವನು ಬೈಯಲಿಲ್ಲ, ಕೇಳಲಿಲ್ಲ. ನನ್ನನ್ನು ಅವಳತ್ತ ಚಾಚಿ, ಹಿಂದೆಂದೂ ಆಡದ ಮೆತ್ತನೆಯ ದನಿಯಲ್ಲಿ ಹೇಳಿದ: "ಕಾಲು ಮಾಗೇದ. ನಾಳೆಯಿಂದ ನಾನೂ ಬರ್ತೀನಿ. ಅದೇ ರಸ್ತಾ."

ಅವನು ಕುಂಟುತ್ತಾನೆ. ಅವನ ಓಟ ಈಗ ಬೇರೆಯವರ ನಡಿಗೆಗಿಂತ ನಿಧಾನ. ಅವಳು ಆ ನಿಧಾನಕ್ಕೆ ತನ್ನ ಕಾಲುಗಳನ್ನು ಮಡಿಚಿಕೊಂಡು ಪಕ್ಕದಲ್ಲಿ ನಡೆಯಬೇಕು. ಗುಂಡಿ ಮುಚ್ಚಿ ಡಾಂಬರು ಹಾಕಿ ಎಷ್ಟೋ ಕಾಲವಾಗಿತ್ತು. ಆದರೂ ಆ ಜಾಗ ಅವನ ಅಂಗಾಲಿಗೆ ಸಿಕ್ಕಿತು, ಮಂಡ್ಯದಲ್ಲಿ ಸಿಕ್ಕ ಮೊದಲ ಗುರುತು. ದಿನವೂ ಅಲ್ಲಿ ನಿಂತು, ನನ್ನನ್ನು ಸ್ವಲ್ಪವೂ ಜಗ್ಗದೆ, ಪ್ರೀತಿಯಿಂದ ಕೇಳುತ್ತಿದ್ದ:

"ವೃಂದಾ, ಇಲ್ಲಿ ಹಳ್ಳ ಅದ ಏನು?"

"ಇಲ್ಲ."

ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮಳೆಯಲ್ಲಿ, ಚಳಿಯಲ್ಲಿ. ಅವನಿಗೆ ಗೊತ್ತೆಂದು ಅವಳಿಗೆ ಮೊದಲ ದಿನವೇ ಗೊತ್ತಾಯಿತು. ಗುನುಗು ನಿಂತಿತು. ಮುಂದಿನ ವರ್ಷದ ಸ್ಪರ್ಧೆ ಬಂತು, ಹೋಯಿತು. ಕಿಟಕಿಯ ಬೂಟು ಮತ್ತೆ ಕಪಾಟಿನ ಕೆಳಗೆ ಸೇರಿತು. ಹಿಂದೆ ಸೆಳೆದು ನೋಯಿಸುತ್ತಿದ್ದವನು ಈಗ ಸೆಳೆಯದೆ ನೋಯಿಸುವುದನ್ನು ಕಲಿತ. ನಾನು ನಡುವೆ ಜೋತುಬಿದ್ದಿರುತ್ತಿದ್ದೆ. ಬಿಗಿಯಾಗಿದ್ದಾಗ ನನ್ನ ಮೇಲೆ ಅಷ್ಟು ಭಾರ ಇರಲಿಲ್ಲ.

ಬೆವರಿಗೆ ನಾನು ಕೊಳೆತೆ. ಮೊದಲು ಲೇಸು ಹರಿಯಿತು. ಅಂಗಡಿಯಿಂದ ನೈಲಾನಿನ ಹೊಸ ಪಟ್ಟಿ ಬಂತು, ಹಳದಿ ಬಣ್ಣದ್ದು, ಹರಿಯುವ ಜಾತಿಯದಲ್ಲ. ನನ್ನನ್ನು ಎಸೆಯಲಿಲ್ಲ. ಮನೆಯ ಗೇಟಿನ ಚಿಲಕ ಮುರಿದಿತ್ತು, ವೃಂದಾ ನನ್ನಿಂದ ಅದನ್ನು ಬಿಗಿದು ಕಟ್ಟಿದಳು. ನನ್ನ ಮುಪ್ಪು ಇಲ್ಲೇ. ಬೆಳಗ್ಗೆ ಬಿಚ್ಚುತ್ತಾಳೆ, ಹೊರಗೆ ಬಂದು ಮತ್ತೆ ಕಟ್ಟುತ್ತಾಳೆ. ಹುಟ್ಟಿದಾಗ ನಾನು ಇಬ್ಬರನ್ನು ಜೊತೆಯಾಗಿ ಓಡಿಸುವ ದಾರ ಎಂದುಕೊಂಡಿದ್ದೆ. ಕಟ್ಟುವುದಕ್ಕೂ ಜೊತೆಗಿರುವುದಕ್ಕೂ ಇರುವ ವ್ಯತ್ಯಾಸ ದಾರಕ್ಕೆ ತಿಳಿಯುವುದಿಲ್ಲ. ಅದು ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂಬುದಷ್ಟನ್ನೇ ಬಲ್ಲದು.

ಇವತ್ತು ಬೆಳಗ್ಗೆ ಅವಳು ನನ್ನ ಗಂಟು ಬಿಚ್ಚಿ ಗೇಟು ತೆರೆದಿದ್ದಳು. ಹಳದಿ ಪಟ್ಟಿ ಇಬ್ಬರ ನಡುವೆ ಇತ್ತು. ಜಯತೀರ್ಥನಿಗೆ ಆ ಜಾಗ ಬರುವವರೆಗೆ ಕಾಯಲಾಗಲಿಲ್ಲವೋ ಏನೋ, ಗೇಟಿನಲ್ಲೇ ಕೇಳಿದ.

"ವೃಂದಾ, ಹಳ್ಳ ಅದ ಏನು?"

ಅವಳ ಬೆರಳು ನನ್ನ ಮೇಲೆ ನಿಂತವು.

"ಅದ," ಎಂದಳು.

ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು. "ಎಲ್ಲಿ?"

"ಬರ್ರಿ. ತೋರಸ್ತೀನಿ."

ಅವನ ಒಂದು ಕಾಲು ಗೇಟಿನ ಆಚೆ, ಕುಂಟು ಕಾಲು ಈಚೆ. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಕುಂಟು ಕಾಲನ್ನೂ ಎತ್ತಿ ಇಟ್ಟ. ಗೇಟು ಮುಚ್ಚಿತು. ಅವಳು ನನ್ನನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು. ಎರಡು ಜೊತೆ ಹೆಜ್ಜೆ ಕಬ್ಬಿನ ಗದ್ದೆಯ ಕಡೆ ಹೋದವು. ಬಿಸಿಲು ಏರುತ್ತಿದೆ. ತಿರುಗಿ ಬರುವ ಹೆಜ್ಜೆ ಎಷ್ಟು ಜೊತೆ ಎಂದು ಕೇಳಿಸಿಕೊಳ್ಳಲು ನಾನು ಗೇಟಿನಲ್ಲಿದ್ದೇನೆ.