ಹಸಿರು ಬಣ್ಣ ಉಳಿದ ಹಲಗೆ

ಹಲಗೆಯ ಮೊದಲ ಏಟು ತೊಡೆಯ ಹಿಂಭಾಗಕ್ಕೆ ಬಿದ್ದಾಗ ಇಂಚರಳಿಗೆ ನೋವಿಗಿಂತ ಮೊದಲು ಆಶ್ಚರ್ಯವಾಯಿತು. ಹುಟ್ಟಿ ಹತ್ತೊಂಬತ್ತು ವರ್ಷವಾದರೂ ಅವಳ ಮೇಲೆ ಯಾರೂ ಕೈ ಮಾಡಿರಲಿಲ್ಲ. ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯಲ್ಲಿ ಅಪ್ಪ ಜಯಸಿಂಹ ದನಿ ಏರಿಸಿದ್ದೇ ಎರಡೋ ಮೂರೋ ಸಲ. ಈಗ ನೋಡಿದರೆ, ಶಿಕಾಗೋ ಪಕ್ಕದ ಸಿಸೆರೋದಲ್ಲಿ, ಯಾರದೋ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ಶನಿವಾರ ಮಧ್ಯಾಹ್ನ ವಾಷಿಂಗ್ ಮೆಷಿನ್ನಿನ ಪಕ್ಕ ನಿಂತು, ತಾನಾಗಿಯೇ ಒಪ್ಪಿಕೊಂಡು ಹೊಡೆಸಿಕೊಳ್ಳುತ್ತಿದ್ದಾಳೆ. ಅದೂ ತಾನು ಮಾಡದ ತಪ್ಪಿಗೆ.

ತಪ್ಪು ಮಾಡಿದ್ದು ಅವಳ ಬಲಗಡೆ ನಿಂತ ಹುಡುಗಿ. ಸೊರಾರಿಟಿ ಎಂದು ಕರೆಯುವ ಕಾಲೇಜು ಹುಡುಗಿಯರ ಆ ಸಂಘದ ಪದ್ಧತಿಯೇ ಹಾಗೆ. ಹೊಸದಾಗಿ ಸೇರುವ ನಾಲ್ವರೂ ತೋಳಿಗೆ ತೋಳು ಹೆಣೆದು ಸಾಲಾಗಿ ನಿಲ್ಲಬೇಕು. ಸಂಘದ ಚರಿತ್ರೆಯನ್ನು ಒಬ್ಬೊಬ್ಬರಾಗಿ ಬಾಯಿಪಾಠ ಒಪ್ಪಿಸಬೇಕು. ಯಾರು ತಪ್ಪಿದರೂ ಏಟು ಅವರಿಗಲ್ಲ, ಅವರ ಎಡಗಡೆಯವಳಿಗೆ. ನಿನ್ನ ತಪ್ಪು ನಿನ್ನ ಅಕ್ಕತಂಗಿಯ ಮೈಮೇಲೆ ಬೀಳುತ್ತದೆ ಎಂದು ಕಲಿಸುವುದಕ್ಕಂತೆ. ಕೇಳಲು ಎಷ್ಟು ಚೆನ್ನಾಗಿದೆ! ಹೊಡೆಯುವವರಿಗೆ ಇಂಥ ಒಳ್ಳೆಯ ಮಾತುಗಳು ಎಲ್ಲಿಂದ ಸಿಗುತ್ತವೋ.

ಕಾಗದದ ಮೇಲೆ ಆ ಸಂಘಕ್ಕೆ ಮೂರು ಗ್ರೀಕ್ ಅಕ್ಷರಗಳ ಹೆಸರಿತ್ತು. ಬಾಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಲಾಸ್ ಸಿಂಕೊ’, ಎಂದರೆ ಐವರು. ಮೆಕ್ಸಿಕೋ ಮತ್ತು ಪೋರ್ಟೊರಿಕೊ ಮೂಲದ ಐವರು ಹುಡುಗಿಯರು ೧೯೮೬ರ ಅಕ್ಟೋಬರ್ ಹದಿನೆಂಟರಂದು ಅದನ್ನು ಕಟ್ಟಿದ್ದರು. ಅವತ್ತು ಅವರು ತೋಳು ಹೆಣೆದುಕೊಂಡು ಲೈಬ್ರರಿಯಿಂದ ಹಾಸ್ಟೆಲ್ಲಿಗೆ ನಡೆದರು ಎಂದು ಚರಿತ್ರೆಯ ಮೊದಲ ವಾಕ್ಯ ಹೇಳುತ್ತಿತ್ತು. ಸಂಘದ ಮೊದಲ ಮನೆಯ ಗೋಡೆಯ ಮೇಲೆ ಒಂದು ಹಲಗೆ ತೂಗುತ್ತಿತ್ತು ಎಂದು ಎರಡನೆಯ ವಾಕ್ಯ. ಅದೇ ಹಲಗೆ ಈಗ ಸಿಯೊಮಾರಾಳ ಕೈಯಲ್ಲಿತ್ತು. ಹಿಡಿಯಲು ಬರುವಂತೆ ಒಂದು ತುದಿಯನ್ನು ಕೆತ್ತಿ, ಐವರ ಹೆಸರು ಕೊರೆದು, ವಾರ್ನಿಷ್ ಬಳಿದಿದ್ದರು. ಒಂದು ಅಂಚಿನಲ್ಲಿ ಮಾತ್ರ ಹಳೆಯ ಹಸಿರು ಬಣ್ಣ ಉಳಿದಿತ್ತು.

ಸಿಯೊಮಾರಾ ಕೊನೆಯ ವರ್ಷದ ವಿದ್ಯಾರ್ಥಿನಿ, ಹೊಸಬರನ್ನು ತಯಾರು ಮಾಡುವ ಹೊಣೆ ಅವಳದು. ೨೦೦೮-೦೯ರ ಆ ಚಳಿಗಾಲ ಅವಳ ಅಪ್ಪ ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು. ಏಟಿನಲ್ಲಿ ಅದೂ ಸೇರಿರುತ್ತಿತ್ತೇನೋ. ಆದರೆ ಮುಚ್ಚಿದ್ದು ಅವಳ ಅಪ್ಪನ ಫ್ಯಾಕ್ಟರಿ ಒಂದೇ ಅಲ್ಲವಲ್ಲ. ಜಯಸಿಂಹನನ್ನೂ ಕಾರಿನ ಬಿಡಿಭಾಗದ ಕಂಪನಿ ಡಿಸೆಂಬರಿನಲ್ಲಿ ಮನೆಗೆ ಕಳಿಸಿತ್ತು. ಅಲ್ಲಿಂದ ಈಚೆಗೆ ಇಂಚರ ತನ್ನ ಕಾಲೇಜಿಗೆ ಹತ್ತಿರದ ಲೆಮಾಂಟಿನ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಅಲ್ಲಿ ಸಿಗುವ ಆಂಟಿಯರೆಲ್ಲ ತಟ್ಟೆಗೆ ಪುಳಿಯೋಗರೆ ಬಡಿಸುತ್ತಲೇ, "ಅಪ್ಪಂಗೆ ಏನಾದ್ರೂ ಸಿಕ್ತೇನಮ್ಮ?" ಎಂದು ಕೇಳುತ್ತಿದ್ದರು. ಅವರ ಕನಿಕರವನ್ನು ನುಂಗುವುದು ಅವಳಿಗೆ ಆಗುತ್ತಿರಲಿಲ್ಲ.

ಏನೂ ಕೇಳದೆ ಊಟ ಹಾಕಿದವರು ರೂಮ್‌ಮೇಟ್ ಮರಿಸೋಲಳ ಮನೆಯವರು. ಪ್ರತಿ ಭಾನುವಾರ ಮರಿಸೋಲ್ ಅವಳನ್ನು ಸಿಸೆರೋದ ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. "ಸಂಘಕ್ಕೆ ಸೇರಿದರೆ ಇಬ್ಬರೂ ಸೇರೋಣ, ನಮ್ಮವರೇ ಆಗಬೇಕು ಅಂತೇನಿಲ್ಲ, ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ," ಎಂದು ಅವಳೇ ಹೇಳಿದ್ದು. ಸಾಲಿನಲ್ಲಿ ಅವಳು ಇಂಚರಳ ಎಡಗಡೆ ನಿಂತಳು. ಇಂಚರ ತಪ್ಪಿದರೆ ಏಟು ಅವಳಿಗೆ.

ಇಂಚರ ತಪ್ಪಲಿಲ್ಲ. ಮೂರನೆಯ ವಯಸ್ಸಿನಿಂದ ಶ್ಲೋಕ, ವಚನ, ಮಗ್ಗಿ ಎಲ್ಲವನ್ನೂ ಅಮ್ಮ ಭಾನು ಬಾಯಿಪಾಠ ಮಾಡಿಸಿದ್ದಳು. ಐವರ ಹೆಸರು, ಅವರ ಊರು, ತಾರೀಕುಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಐದು ವಾರ ಮರಿಸೋಲಳ ಮೈಮೇಲೆ ಒಂದೇ ಒಂದು ಏಟೂ ಬೀಳಲಿಲ್ಲ. ಇಂಚರಳ ತೊಡೆಗಳು ಮಾತ್ರ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವಳಿಗೆ ಅದರಲ್ಲೂ ಒಂದು ಹೆಮ್ಮೆಯಿತ್ತು.

ಯುಗಾದಿಯ ದಿನ ಅಮ್ಮ ಫೋನ್ ಮಾಡಿದಳು. "ಬೇವು ಬೆಲ್ಲ ತಿಂದ್ಯಾ? ಲೆಮಾಂಟ್‌ಗಾದ್ರೂ ಡ್ರೈವ್ ಮಾಡ್ಕೊಂಡು ಹೋಗಿ ಬರಬಾರ್ದಾ?"

"ಐ ಹ್ಯಾವ್ ಸ್ಟಡಿ ಗ್ರೂಪ್, ಅಮ್ಮಾ."

"ಏನು ಸ್ಟಡಿನೋ. ಅಪ್ಪ ಓಹಾಯೋಗೂ ಅಪ್ಲೈ ಮಾಡಿದಾರೆ. ನೀನು ಚೆನ್ನಾಗಿದೀಯ ತಾನೆ?"

ಚೆನ್ನಾಗಿದ್ದೇನೆ ಎಂದು ಇಂಚರ ನಿಂತುಕೊಂಡೇ ಹೇಳಿದಳು. ಕೂರಲು ಆಗುತ್ತಿರಲಿಲ್ಲ.

ಮರುದಿನ, ಶನಿವಾರ, ಬೇಸ್‌ಮೆಂಟಿನಲ್ಲಿ ಕೊನೆಯ ಪರೀಕ್ಷೆ. ಅವತ್ತಿನ ನಿಯಮ ಒಂದೇ: ಏನೇ ಆಗಲಿ, ಹೆಣೆದ ತೋಳು ಬಿಡಬಾರದು. ಸಿಯೊಮಾರಾ ಅವರ ಮುಖಕ್ಕೆ ಐಸ್ ನೀರು ಎರಚಿದಳು. ಕಿವಿಯ ಹತ್ತಿರ ಹಲಗೆಯಿಂದ ಗೋಡೆಗೆ ಬಾರಿಸಿದಳು. ಕೊನೆಗೆ ಐವರೂ ಕೈಬರಹದಲ್ಲಿ ಬರೆದಿಟ್ಟ ಚರಿತ್ರೆಯ ಪುಸ್ತಕವನ್ನು ಅವರ ಕಾಲ ಬಳಿ ಬಿಸಾಡಿದಳು, ಯಾರು ಬೆದರುತ್ತಾರೆ ನೋಡಲು. ಬಲಗಡೆಯ ಹುಡುಗಿ ಆಗ ಒಂದು ಹೆಸರು ತಪ್ಪಿದಳು. ಇಂಚರಳಿಗೆ ಏಟು ಬಿತ್ತು, ಹೆಜ್ಜೆ ಜಾರಿತು, ಬರಿಗಾಲು ಪುಸ್ತಕಕ್ಕೆ ತಗುಲಿತು.

ಆಮೇಲೆ ನಡೆದದ್ದು ಅವಳು ಯೋಚಿಸಿ ಮಾಡಿದ್ದಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ನಮ್ಮ ಮಕ್ಕಳ ಕೈ ಏನು ಮಾಡುತ್ತದೋ ಅವಳ ಕೈ ಅದನ್ನೇ ಮಾಡಿತು. ಮರಿಸೋಲಳ ತೋಳಿನಿಂದ ಬಿಡಿಸಿಕೊಂಡು, ಬಗ್ಗಿ, ಪುಸ್ತಕವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು.

ತಲೆ ಎತ್ತಿದಾಗ ಸಿಯೊಮಾರಾ ಎದುರಿಗೆ ಬಂದು ನಿಂತಿದ್ದಳು.

"ಸಾಲು ಮುರಿದೆ," ಎಂದಳು ಸಿಯೊಮಾರಾ. "ಐದು ಏಟು. ಐವರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದು."

"ನನಗೆ ಹೊಡಿ. ತಪ್ಪು ನನ್ನದು."

"ಅದಕ್ಕೇ ಅವಳಿಗೆ."

ಇಬ್ಬರು ಹಿರಿಯ ಹುಡುಗಿಯರು ಇಂಚರಳನ್ನು ಗೋಡೆಗೆ ಒತ್ತಿ ಹಿಡಿದರು. ಮೊದಲ ಏಟಿಗೆ ಮರಿಸೋಲ್ ತುಟಿ ಕಚ್ಚಿದಳು. ಎರಡನೆಯದಕ್ಕೆ ತುಟಿಯಲ್ಲಿ ರಕ್ತ ಬಂತು. ಮೂರನೆಯದಕ್ಕೆ ಕೂಗಿದಳು. ನಾಲ್ಕನೆಯದು ಬೀಸುವಷ್ಟರಲ್ಲಿ ಅವಳ ಮೊಣಕಾಲು ಕುಸಿಯಿತು. ತೊಡೆಗೆ ಬೀಸಿದ ಹಲಗೆ ಸೊಂಟದ ಮೇಲೆ, ಪಕ್ಕೆಯ ಕೆಳಗೆ, ಅಂಚಾಗಿ ಬಿತ್ತು. ಅವಳು ನೆಲಕ್ಕೆ ಒರಗಿದಳು. ಸಿಯೊಮಾರಾ ಐದನೆಯದನ್ನೂ ಹೊಡೆದಳು. ಲೆಕ್ಕ ಬಿಡಬಾರದಲ್ಲ!

ಮಾರನೆಯ ಬೆಳಿಗ್ಗೆ ಮರಿಸೋಲಳಿಗೆ ಮೂತ್ರದಲ್ಲಿ ರಕ್ತ ಹೋಯಿತು. ಇಂಚರ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಓಕ್ ಬ್ರೂಕ್ ಕಡೆಯ ಆಸ್ಪತ್ರೆಯೊಂದರ ಎಮರ್ಜೆನ್ಸಿಗೆ ಓಡಿಸಿಕೊಂಡು ಹೋದಳು.

"ಮೆಟ್ಟಿಲಿಂದ ಬಿದ್ದೆ ಅಂತ ಹೇಳುತ್ತೇನೆ," ಎಂದಳು ಮರಿಸೋಲ್ ದಾರಿಯಲ್ಲಿ. "ನೀನೂ ಹಾಗೇ ಹೇಳು. ಸಂಘ ಮುಚ್ಚಿಸಿದರು ಅಂದರೆ ನಾನು ತಿಂದದ್ದೆಲ್ಲ ಯಾತಕ್ಕೆ? ಆಣೆ ಮಾಡು."

ಇಂಚರ ಆಣೆ ಮಾಡಿದಳು.

ಬಂದ ಡಾಕ್ಟರು ಚಂದ್ರಶೇಖರ, ಮೈಸೂರಿನವರು. ಲೆಮಾಂಟಿನಲ್ಲಿ ಹಬ್ಬದ ದಿನ ಪಂಚೆ ಉಟ್ಟು ಸಾರು ಬಡಿಸುವುದನ್ನು ಅವಳು ನೋಡಿದ್ದಳು. ಮರಿಸೋಲಳನ್ನು ಆಪರೇಷನ್‌ಗೆ ಒಯ್ದ ಮೇಲೆ ಅವರು ಇಂಚರಳನ್ನು ಕಾರಿಡಾರಿಗೆ ಕರೆದರು.

"ನೀನು ಜಯಸಿಂಹನ ಮಗಳಲ್ವಾ? ಕೂತ್ಕೊಳ್ಳಮ್ಮ. ಕೂತ್ಕೊಳ್ಳಕ್ಕಾಗ್ತಿಲ್ವಾ?"

ಅವಳು ನಿಂತೇ ಇದ್ದಳು.

"ಕಿಡ್ನಿ ಸೀಳಿದೆ, ಬಹುಶಃ ತೆಗೀಬೇಕು. ಮೆಟ್ಟಿಲಿಂದ ಬಿದ್ರೆ ತೊಡೆ ಮೇಲೆ ಹಿಂಗೆ ನೀಟಾಗಿ ಬರೆ ಬೀಳಲ್ಲ. ಯಾರು ಹೊಡೆದ್ರು?"

"ಬಿದ್ಲು, ಅಂಕಲ್."

"ಅವಳೂ ಅದನ್ನೇ ಹೇಳಿದ್ಲು, ನೀನೂ ಅದನ್ನೇ ಹೇಳ್ತೀಯ. ಸೋಷಿಯಲ್ ವರ್ಕರ್‌ಗೂ ಇಬ್ರೂ ಅದನ್ನೇ ಹೇಳ್ತೀರ. ಆಗ ಅದೇ ದಾಖಲಾಗುತ್ತೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ವರ್ಷ ಇನ್ನೊಬ್ಬಳು ಬರ್ತಾಳೆ ನೋಡು. ನಾನು ಇಲ್ಲೇ ಇರ್ತೀನಿ."

ಕಿಡ್ನಿ ತೆಗೆದರು. ಸೋಂಕು ತಗುಲಿ ಮರಿಸೋಲ್ ಎರಡು ವಾರವಾದರೂ ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಲಿಲ್ಲ. ಏಪ್ರಿಲ್ ಹನ್ನೊಂದರ ಶನಿವಾರ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭವಿತ್ತು. ಹೋಗಲೇಬೇಕು, ಅಲ್ಲಿ ಹೊಸಬರಿಗೆ ಕೊಡುವ ಬಿಳಿ ಹೂವನ್ನು ತನ್ನ ಪರವಾಗಿಯೂ ಇಸಿದುಕೊಂಡು ಬರಬೇಕು ಎಂದು ಮರಿಸೋಲ್ ಹಟ ಹಿಡಿದಳು. ಇಂಚರ ಹೋದಳು. ಆದರೆ ಹೋದದ್ದು ಹೂವಿಗಾಗಿ ಅಲ್ಲ, ಸಿಟ್ಟಿಗೆ.

ಸಂಘಕ್ಕೆ ಇನ್ನೊಂದು ಪದ್ಧತಿಯಿತ್ತು. ಸೇರಿದ ದಿನ ಪ್ರತಿ ಹೊಸಬಳೂ ತನಗೆ ಹೊಡೆದವಳಿಗೆ ಅದೇ ಹಲಗೆಯಿಂದ ಒಂದು ಏಟು ಮರಳಿಸಬಹುದು. ಎಲ್ಲರೂ ಮೆಲ್ಲಗೆ ತಟ್ಟಿ, ತಬ್ಬಿಕೊಂಡು ಅಳುತ್ತಿದ್ದರು. ಚರ್ಚಿನ ಬಾಡಿಗೆ ಹಾಲಿನಲ್ಲಿ ಅವತ್ತು ಮೂವತ್ತು ಜನ ಬಿಳಿ ಉಡುಪಿನ ಹೆಂಗಸರಿದ್ದರು. ಮುಂದಿನ ಕುರ್ಚಿಯಲ್ಲಿ ಐವರಲ್ಲಿ ಒಬ್ಬಳಾದ ರೋಸ ಎಲೇನಾ ಕೂತಿದ್ದಳು. ಟೆಕ್ಸಸ್‌ನಲ್ಲಿ ಟೀಚರ್ ಆಗಿದ್ದ ಅವಳು ಹದಿನೆಂಟು ವರ್ಷದ ಮೇಲೆ ಬಂದಿದ್ದಳು.

ಸಿಯೊಮಾರಾ ಹಲಗೆಯನ್ನು ಎರಡೂ ಕೈಯಲ್ಲಿ ನೀಡಿದಳು. "ನಿನಗೆ ಎರಡು. ನಿನ್ನದೊಂದು, ಮರಿಸೋಲಳದೊಂದು," ಎಂದು ದೊಡ್ಡ ಮನಸ್ಸು ಮಾಡಿದವಳಂತೆ ನಕ್ಕು ಬೆನ್ನು ತಿರುಗಿಸಿದಳು.

ಇಂಚರ ಕಾಲೂರಿ, ಸೊಂಟ ತಿರುಗಿಸಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಹಲಗೆ ಸಿಯೊಮಾರಾಳ ಬೆನ್ನಿನ ಮೂಳೆಗೆ ಬಡಿದ ಸದ್ದು ಹಾಲಿನ ಕೊನೆಯವರೆಗೂ ಕೇಳಿಸಿತು. ಅವಳು ಮುಗ್ಗರಿಸಿ ಕಬ್ಬಿಣದ ಮಡಿಚು ಕುರ್ಚಿಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಒಂದು ಹಲ್ಲು ನೆಲದ ಮೇಲೆ ಉರುಳಿತು. ಇಂಚರಳಿಗೆ ಅಯ್ಯೋ ಅನ್ನಿಸಲಿಲ್ಲ. ಸುಖವಾಯಿತು. ಬಾಯಾರಿ ಬಂದು ನೀರು ಕುಡಿದ ಹಾಗೆ ಆಯಿತು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. "ಈಗ ನೀನು ನಮ್ಮವಳು," ಎಂದು ಒಬ್ಬಳು ಕೂಗಿದಳು.

ಇಂಚರ ಎರಡನೆಯದಕ್ಕೆ ಹಲಗೆ ಎತ್ತಿದಳು. ಸಿಯೊಮಾರಾ ಇನ್ನೂ ನೆಲದಲ್ಲೇ ಇದ್ದಳು, ಮರಿಸೋಲ್ ಬಿದ್ದಿದ್ದ ಹಾಗೆಯೇ.

"ಅದು ನಿಮಗೆ ಎಲ್ಲಿ ಸಿಕ್ಕಿತು?"

ಕೇಳಿದವಳು ರೋಸ ಎಲೇನಾ. ಎದ್ದು ಬಂದು ಹಲಗೆಯ ಹಸಿರು ಅಂಚಿನ ಮೇಲೆ ಹೆಬ್ಬೆರಳು ಇಟ್ಟಳು.

"ಇದು ಮೊದಲ ಮನೆಯದು," ಎಂದು ಒಬ್ಬ ಹುಡುಗಿ ಹೆಮ್ಮೆಯಿಂದ ಹೇಳಿದಳು. "ನೀವೇ ನೇತುಹಾಕಿದ್ದು. ನಮ್ಮ ಸಂಪ್ರದಾಯ."

"ಇದು ಪಾರ್ಕಿಂಗ್ ಲಾಟಿನ ಬೇಲಿಯದು," ಎಂದಳು ರೋಸ ಎಲೇನಾ. "ಮೂವರು ಹುಡುಗರು ಇದನ್ನು ಬೇಲಿಯಿಂದ ಕಿತ್ತು ನನ್ನನ್ನು ಹೊಡೆದರು. ನಾನು ಬಿದ್ದ ಮೇಲೂ ಹೊಡೆದರು. ಪೊಲೀಸರು ಬರೆದುಕೊಳ್ಳಲಿಲ್ಲ, ಹಲಗೆ ಬೇಡ ಎಂದರು. ಮಾರನೆಯ ದಿನ ನಾಲ್ವರು ಗೆಳತಿಯರು ನನ್ನನ್ನು ನಡುವೆ ಇಟ್ಟುಕೊಂಡು ತೋಳು ಹೆಣೆದು ನಡೆಸಿಕೊಂಡು ಬಂದರು. ಯಾರಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ, ಆಗ ತೋರಿಸೋಣ ಎಂದು ಹಲಗೆಯನ್ನು ಗೋಡೆಗೆ ತೂಗುಹಾಕಿದೆವು. ಪುಸ್ತಕದಲ್ಲಿ ಬರೆಯಲು ನನಗೆ ನಾಚಿಕೆಯಾಯಿತು. ಬರೆಯಬೇಕಿತ್ತು."

ಇಂಚರಳ ಎತ್ತಿದ ಕೈ ಇಳಿಯಿತು. ಹಲಗೆಗೆ ಸಿಯೊಮಾರಾಳ ಕೂದಲಿನ ಎಳೆಯೊಂದು ಅಂಟಿಕೊಂಡಿತ್ತು. ಅದನ್ನು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಗ್ಗಿ ಸಿಯೊಮಾರಾಳನ್ನು ಕೂರಿಸಿದಳು.

"ಹಲಗೆ ಕೊಡು, ಅದು ನಮ್ಮದು," ಎಂದಳು ಸಿಯೊಮಾರಾ ರಕ್ತದ ಬಾಯಲ್ಲಿ.

"ಕೊಡುವುದಿಲ್ಲ. ಏಳು, ನಿನ್ನನ್ನೂ ಆಸ್ಪತ್ರೆಗೆ ಕರೆದೊಯ್ಯುತ್ತೇನೆ."

ಸಿಯೊಮಾರಾ ಬರುವುದಿಲ್ಲ ಎಂದು ಮುಖ ತಿರುಗಿಸಿದಳು. ರೋಸ ಎಲೇನಾ ಕೋಟು ತೊಟ್ಟು ಇಂಚರಳ ಕಾರು ಹತ್ತಿದಳು.

ಆಸ್ಪತ್ರೆಯಲ್ಲಿ ಮೊದಲು ಮರಿಸೋಲಳ ರೂಮಿಗೆ ಹೋದರು. "ಆಣೆ ಮುರಿಯುತ್ತಿದ್ದೇನೆ," ಎಂದಳು ಇಂಚರ. ಅವಳ ಕೈಯಲ್ಲಿ ಬಿಳಿ ಹೂವಿರಲಿಲ್ಲ, ಹಲಗೆಯಿತ್ತು. ಮರಿಸೋಲ್ ಹಲಗೆಯನ್ನು ನೋಡಿ ಗೋಡೆಯ ಕಡೆ ಹೊರಳಿದಳು. ಬಹಳ ಹೊತ್ತು ಅತ್ತಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ಚಂದ್ರಶೇಖರ ಡ್ಯೂಟಿಯಲ್ಲಿದ್ದರು. ಇಂಚರ ಹಲಗೆಯನ್ನು ಅವರ ಮೇಜಿನ ಮೇಲಿಟ್ಟಳು.

"ಅಂಕಲ್, ಮೆಟ್ಟಿಲಲ್ಲ. ಇದು. ಅವತ್ತು ನಾನು ಸುಳ್ಳು ಹೇಳ್ದೆ. ಇವತ್ತು ನಾನೂ ಇದ್ರಲ್ಲಿ ಒಬ್ಬಳಿಗೆ ಹೊಡೆದು ಹಲ್ಲು ಮುರಿದಿದೀನಿ. ಅದನ್ನೂ ಬರ್ಕೊಳ್ಳಿ."

ಅವರು ಹಲಗೆಯನ್ನೂ ಅವಳನ್ನೂ ನೋಡಿದರು. ಪೊಲೀಸರಿಗೆ ಫೋನ್ ಮಾಡಿಸಿ, ಒಂದು ಹಾಳೆ ಎಳೆದುಕೊಂಡು, ಹಿಂದೆ ನಿಂತ ಹೆಂಗಸಿನ ಕಡೆ ತಿರುಗಿ, ನೀವು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದರಿಂದ ಮೊದಲು ಹೊಡೆಸಿಕೊಂಡವಳು," ಎಂದಳು ರೋಸ ಎಲೇನಾ. "ನನ್ನದನ್ನೂ ಬರೆದುಕೊಳ್ಳುತ್ತೀರಾ?"

"ಯಾವತ್ತು ಆದದ್ದು?"

ಚರಿತ್ರೆಯ ಒಂದೊಂದು ತಾರೀಕನ್ನೂ ಬಾಯಿಪಾಠ ಮಾಡಿದ್ದ ಇಂಚರಳಿಗೆ ಈ ಒಂದು ತಾರೀಕು ಗೊತ್ತಿರಲಿಲ್ಲ.

"ಸಾವಿರದ ಒಂಬೈನೂರ ಎಂಬತ್ತಾರು," ಎಂದಳು ರೋಸ ಎಲೇನಾ, ಇಂಚರಳ ತೋಳಿಗೆ ತೋಳು ಸೇರಿಸಿ. "ಅಕ್ಟೋಬರ್ ಹದಿನೇಳು. ಶುಕ್ರವಾರ."

ಡಾಕ್ಟರು ಬರೆದುಕೊಂಡರು.