ಮೊದಲ ಚೀಲದ ಎಣಿಕೆ

ನನ್ನ ದನಿ ಚೆನ್ನಾಗಿದೆ ಎಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ವಿಶಾಖಾ ಹೇಳಿದಳು, ಅದೂ ಕೆಲಸಕ್ಕೆ ಬೇಕಾದಾಗ. ಬೀದರಿನಲ್ಲಿ ನಾವಿಬ್ಬರೂ ಕೂಡಿ ನಡೆಸುವ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲಿ ಅವಳು ಚೀಲ ಎಣಿಸುವ ಪೆಟ್ಟಿಗೆಯೊಂದನ್ನು ಕಟ್ಟಿದ್ದಳು. ಅದರ ಗಾಜಿನ ಕಣ್ಣಿನ ಮುಂದೆ ಚೀಲ ದಾಟಿದರೆ ಎಷ್ಟನೆಯದು ಎಂದು ಕೂಗಿ ಹೇಳುತ್ತದೆ. ಕೂಗುವ ಬಾಯಿ ನನ್ನದು, ಬಸವೇಶ್ವರಿಯದು.

ಪೆಟ್ಟಿಗೆಗಿಂತ ನನಗೆ ಸೋಜಿಗವೆನಿಸಿದ್ದು ಅವಳು ಬರೆದಿದ್ದ ಸಣ್ಣ ಪ್ರೋಗ್ರಾಂ. ಸಿ ಭಾಷೆಯಲ್ಲಿ ಎನಮ್ ಎಂಬುದೊಂದಿದೆಯಂತೆ. ಎಣಿಕೆಯ ಹೆಸರುಗಳನ್ನು ಸಾಲಾಗಿ ಬರೆದರೆ ಒಂದೊಂದಕ್ಕೂ ಒಂದು ಅಂಕಿ ತಾನಾಗಿ ಸಿಗುತ್ತದೆ. ವಿಶಾಖಾ ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಆಜ್ಞೆ ಟೈಪ್ ಮಾಡಿದರೆ ಅವಳ ಪ್ರೋಗ್ರಾಂ ಆ ಹೆಸರುಗಳನ್ನು ಓದಿ, ಯಾವ ಅಂಕಿಗೆ ಯಾವ ಹೆಸರು, ಅದಕ್ಕೆ ನನ್ನ ಯಾವ ಕೂಗು ಎಂಬ ಕೋಡನ್ನೆಲ್ಲ ತಾನೇ ಬರೆದು ಹಾಕುತ್ತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ಸಾಲು!

"ಎಲ್ಲಾ ಇದೇ ಬರೀತದ ಅಂದ್ರ ನೀ ಏನ್ ಮಾಡ್ತಿ?" ಎಂದೆ.

"ನಾ ಹೆಸರು ಬರೀತೇನಿ. ಉಳಿದಿದ್ದು ಅದು ನೋಡ್ಕೋತದ," ಎಂದಳು. ಆ ಧಿಮಾಕು ನೋಡಬೇಕಿತ್ತು.

ವಿಶಾಖಾಳ ಅಪ್ಪ ಮಚ್ಛೇಂದ್ರ ಭಾಲ್ಕಿಯಲ್ಲಿ ರೈತರ ಮಾಲು ಮಾರಿಸಿಕೊಡುವ ನಂದಕುಮಾರನ ಅಡತಿ ಅಂಗಡಿಯಲ್ಲಿ ಚೀಲ ಎಣಿಸುವವರು. ಅವರು ಎಣಿಸಿದ್ದನ್ನು ಮತ್ತೆ ಎಣಿಸಿದವರಿಲ್ಲ. ನಮ್ಮ ಕಡೆ ರಾಶಿ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕೆಲವರು ಬರಕತ್ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಪ್ಪ ಇದನ್ನು ನೆನಪಿಸಿದಾಗ ವಿಶಾಖಾ ಹೆಸರುಗಳ ಸಾಲನ್ನು ತಿದ್ದಿ ಲಾಭದಿಂದ ಶುರುಮಾಡಿದಳು. ನನ್ನಿಂದಲೂ ಹೊಸದಾಗಿ ಕೂಗಿಸಿದಳು.

ಭಾಲ್ಕಿಯ ಆ ಅಂಗಡಿಯಲ್ಲಿ ಪೆಟ್ಟಿಗೆಯ ಪರೀಕ್ಷೆಗೆ ಸಿಕ್ಕಿದ್ದು, ಮೆಹಕರದಿಂದ ಮಾರಲು ಬಂದಿದ್ದ ಸುಮಿತ್ರಾಬಾಯಿಯ ತೊಗರಿ. ಹಮಾಲ ಮೊದಲ ಚೀಲ ಎತ್ತುತ್ತಿದ್ದಂತೆ ವಿಶಾಖಾ ಗುಂಡಿ ಒತ್ತಿದಳು. "ಲಾಭ!" ಎಂದಿತು ಪೆಟ್ಟಿಗೆ. ಎಲ್ಲರೂ ವ್ಹಾ ಎಂದರು. ನಾನಂತೂ ಉಬ್ಬಿಹೋದೆ. ಲಾರಿಯ ಗದ್ದಲದಲ್ಲಿ ಚೀಲಗಳು ಒಂದರ ಹಿಂದೊಂದು ಹೋದವು. ಮಚ್ಛೇಂದ್ರ ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದರು. ತುಂಬಿದ ಲಾರಿ ಉದಗೀರಿನ ಮಿಲ್ಲಿಗೆ ಹೊರಟುಹೋದ ಮೇಲೆ ಅವರು "ಮೂವತ್ತೆಂಟು" ಎಂದರು. ಪೆಟ್ಟಿಗೆ ಮಾತ್ರ ಮೂವತ್ತೊಂಬತ್ತು ಎಂದಿತ್ತು.

ಸುಮಿತ್ರಾಬಾಯಿ ಸುಮ್ಮನಿರುವ ಹೆಣ್ಣಲ್ಲ. "ಮಿಷನ್ ಯಾಕ ಸುಳ್ಳು ಹೇಳ್ತದರಿ? ಅದಕ್ಕ ಹೊಟ್ಟಿ ಅದೇನು? ನನ್ನ ಒಂದು ಚೀಲ ಎಲ್ಲಿ ಹೋಯ್ತು, ಹೇಳ್ರಿ," ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

ಮಚ್ಛೇಂದ್ರ ಮಗಳ ಕಡೆ ನೋಡಿದರು. ಅವಳು ಕೇಳಬಾರದ್ದನ್ನು ಕೇಳಿದಳು: "ಅಪ್ಪಾ, ನಡುವ ಒಂದು ಬಿಟ್ಟಿರೇನ್ರಿ?"

ಅವರ ಮುಖ ಇಳಿದುಹೋಯಿತು. "ಹಂಗಾದ್ರ ಇನ್ನ ಮ್ಯಾಲ ಅದೇ ಎಣಸ್ಲಿ," ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ನಂದಕುಮಾರನೂ, "ಇದು ಬರೋಬರ್ ಆಗೋತನಕ ನೀವು ರಾಶಿಗೆ ನಿಂದ್ರಬ್ಯಾಡ್ರಿ," ಎಂದುಬಿಟ್ಟ. ಇಷ್ಟು ವರ್ಷದ ಹೆಸರು ಒಂದು ಚೀಲಕ್ಕೆ ಹೋಯಿತಲ್ಲ!

ಬೀದರಿನ ಬಸ್ಸಿನಲ್ಲಿ ಅವಳನ್ನು ಚೆನ್ನಾಗಿ ಬೈದೆ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಊಟದ ಡಬ್ಬಿಯನ್ನೇ ಪೆಟ್ಟಿಗೆಯ ಕಣ್ಣಿನ ಮುಂದೆ ಹಾಯಿಸುತ್ತ ಕೂತಳು. ಹಮಾಲನ ಕೈ ಅಡ್ಡ ಬಂದಿರಬಹುದೇ? ಧೂಳು ಕೂತಿತ್ತೇ? ಏನೂ ತಿಳಿಯಲೊಲ್ಲದು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದಳು. "ಲಾಭ!" ಎಂದೆ ನಾನು, ಅಂದರೆ ಪೆಟ್ಟಿಗೆಯೊಳಗಿನ ನಾನು.

"ತಡಿ," ಎಂದೆ. "ಇನ್ನಾ ಏನೂ ದಾಟಿಲ್ಲಲ್ಲ. ನಾ ಯಾಕ ಬಾಯಿ ಬಿಟ್ಟೆ?"

ವಿಶಾಖಾ ಡಬ್ಬಿಯನ್ನು ಒಮ್ಮೆ ಹಾಯಿಸಿದಳು. "ಎರಡು!" ಎಂದಿತು ಪೆಟ್ಟಿಗೆ. ಅವಳು ಹಣೆ ಹಣೆ ಬಡಿದುಕೊಂಡಳು. ಎನಮ್ ಸಾಲಿನ ಮೊದಲ ಹೆಸರಿಗೆ ಸಿಗುವ ಅಂಕಿ ಒಂದಲ್ಲ, ಸೊನ್ನೆ. ಹಾಜರಿ ಕೂಗುವ ಮಾಸ್ತರರು ಮೊದಲ ಹುಡುಗಿಗೆ ಸೊನ್ನೆ ನಂಬರು ಕೊಟ್ಟ ಹಾಗೆ. ಅವಳು ಮೊದಲಿದ್ದ ಸೊನ್ನೆ, ಒಂದು ಎಂಬ ಎರಡೂ ಹೆಸರು ತೆಗೆದು ಆ ಜಾಗದಲ್ಲಿ ಲಾಭ ಒಂದನ್ನೇ ಇಟ್ಟಿದ್ದಳು. ಪ್ರೋಗ್ರಾಂ ಹೇಳಿದ್ದನ್ನು ಹೇಳಿದ ಹಾಗೆ ಬರೆದಿತ್ತು. ಏನೂ ಇಲ್ಲದಾಗ ಲಾಭ, ಮೊದಲ ಚೀಲಕ್ಕೇ ಎರಡು!

"ಲಾಭದ ಅಂಕಿ ಒಂದು ಅಂತ ಅದರ ಮುಂದ ಬರದ್ರ ಮುಗೀತು," ಎಂದಳು. ಬರೆದಳು, ಆಜ್ಞೆ ಕೊಟ್ಟಳು, ಕೋಡು ಹೊಸದಾಗಿ ಬಂತು. ಅಷ್ಟೇ ಕೆಲಸ. ಆದರೆ ಅವಳ ಕಣ್ಣಲ್ಲಿ ನೀರಿತ್ತು. "ಅಪ್ಪಗ ಹಂಗ್ಯಾಕ ಕೇಳ್ದೆ ಬಸೂ?" ಎಂದಳು.

ಮಧ್ಯಾಹ್ನ ಭಾಲ್ಕಿಗೆ ಹೋದೆವು. ಎಷ್ಟು ಚೀಲ ಬಂದವೆಂದು ತಿಳಿಸುವ ಮಿಲ್ಲಿನವರ ಫೋನಿಗಾಗಿ ಸುಮಿತ್ರಾಬಾಯಿ ಅಡತಿ ಅಂಗಡಿಯಲ್ಲೇ ಠಿಕಾಣಿ ಹೂಡಿದ್ದಳು. ಮಚ್ಛೇಂದ್ರರನ್ನೂ ಕರೆಸಿದರು. ವಿಶಾಖಾ ಪೆಟ್ಟಿಗೆಗೆ ಹಳೆಯ ಕೋಡನ್ನೇ ಹಾಕಿ ಖಾಲಿ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದಳು.

"ಲಾಭ!"

"ಅಯ್ಯ, ಚೀಲ ಎಲ್ಲದರಿ?" ಎಂದಳು ಸುಮಿತ್ರಾಬಾಯಿ.

"ಚೀಲ ಇಲ್ರಿ. ತಪ್ಪು ನಂದು. ಅಪ್ಪನ ಎಣಿಕಿ ಖರೇ ಅದ," ಎಂದಳು ವಿಶಾಖಾ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮಿತ್ರಾಬಾಯಿ ಸೆರಗು ಸರಿಮಾಡಿಕೊಂಡು, "ತಪ್ಪಾಯ್ತ್ರಿ ಅಣ್ಣಾ," ಎಂದಳು.

"ನೀವು ನನ್ನ ನಿನ್ನಿನೇ ಮೊದಲ ಸಲ ನೋಡೀರಿ, ನಿಮ್ಮ ಮ್ಯಾಲ ಸಿಟ್ಟಿಲ್ರಿ," ಎಂದರು ಮಚ್ಛೇಂದ್ರ. ಮಗಳ ಹೆಸರೆತ್ತಲಿಲ್ಲ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಔರಾದ ಕಡೆಯ ಡಾಬಕಾ ಊರಿನಿಂದ ತೊಗರಿ ಬಂತು. ನಂದಕುಮಾರ, "ಬರ್ರಿ ಅಣ್ಣಾ, ನಿಂದರ್ರಿ," ಎಂದು ಕರೆದ. ಮಚ್ಛೇಂದ್ರ ಅಲ್ಲಾಡಲಿಲ್ಲ. "ಇದು ನನ್ನ ಮಗಳು ಎಣಸ್ತಾಳ. ಪೆಟ್ಟಿಗಿ ಬ್ಯಾಡ, ಬಾಯಿಲೆ ಎಣಸ್ಲಿ," ಎಂದರು. ಚಹಾದ ಕಪ್ಪು ಹಿಡಿದು ರಾಶಿಗೆ ಬೆನ್ನು ಹಾಕಿ ರಸ್ತೆಯ ಕಡೆ ಮುಖಮಾಡಿ ಕೂತರು.

ವಿಶಾಖಾ ಎಣಿಸಿದಳು. ನಡುವೆ ಇಬ್ಬರು ಹಮಾಲರು ಒಟ್ಟಿಗೆ ನುಗ್ಗಿದಾಗ ಅವಳ ದನಿ ತಡವರಿಸಿತು. ಆದರೂ ಮುಂದುವರಿಸಿದಳು. ಕೊನೆಗೆ "ನಲವತ್ತೊಂದು" ಎಂದಳು. ಪಕ್ಕದಲ್ಲಿದ್ದ ನನಗೇ ಕೇಳಿಸಿತೋ ಇಲ್ಲವೋ ಎಂಬಂತಿತ್ತು.

ನಂದಕುಮಾರ ಪೆನ್ನು ಹಿಡಿದು, "ಅಣ್ಣಾ, ಬರೋಬರ್ ಅದೇನ್ರಿ?" ಎಂದು ಕೇಳಿದ.

ಮಚ್ಛೇಂದ್ರ ತಿರುಗಿ ನೋಡಲಿಲ್ಲ. "ನನಗ್ಯಾಕ ಕೇಳ್ತೀರಿ? ಆಕಿ ಹೇಳ್ಯಾಳಲ್ರಿ. ಬರ್ಕೊಳ್ರಿ," ಎಂದರು.

ವಿಶಾಖಾ ಅಲ್ಲೇ, ಅಷ್ಟು ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತಳು. ಮಚ್ಛೇಂದ್ರ ಕಪ್ಪು ಇಟ್ಟು ಎದ್ದು ಬಂದರು. ಹೆಗಲ ಮೇಲಿನ ಟವೆಲ್ಲನ್ನು ಅವಳ ಕೈಗೆ ಕೊಟ್ಟು ಮುಂದಿನ ರಾಶಿಯ ಹತ್ತಿರ ಹೋಗಿ ನಿಂತರು.