ಹಿತ್ತಾಳೆ ಬಿರಡೆಗಳ ಅಚ್ಚು

ನಾನು ಒಂದು ಅಚ್ಚು. ಉಕ್ಕಿನ ಎರಡು ಹೋಳುಗಳು ಸೇರಿ ನನ್ನ ಮೈಯಾಗಿದೆ. ಅವು ಕೂಡಿದಾಗ ನಡುವೆ ಉಳಿಯುವ ಟೊಳ್ಳಿಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುತ್ತಾರೆ. ಅದು ಆರಿ ಗಟ್ಟಿಯಾಗಿ, ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರವಾಗಿ ಹೊರಬೀಳುತ್ತದೆ. ಬೇಗ ಆರಲೆಂದು ನನ್ನ ಮೈಯೊಳಗೆ ನರಗಳಂತೆ ನೀರಿನ ದಾರಿಗಳನ್ನು ಕೊರೆದಿದ್ದಾರೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ನಾನು ಸಹಿಸುವುದಿಲ್ಲ. ಇದು ಜಂಬವಲ್ಲ, ನನ್ನ ಕುಲಧರ್ಮ.

ಹುಟ್ಟಿದ್ದು ಕೊರಿಯಾದಲ್ಲಿ. ನನ್ನ ಒಳಮೈಯನ್ನು ಕನ್ನಡಿಯಂತೆ ಉಜ್ಜಿದ ಮುದುಕ ಅದರಲ್ಲಿ ಒಮ್ಮೆ ತನ್ನ ಮುಖ ನೋಡಿಕೊಂಡು ಪೆಟ್ಟಿಗೆ ಮುಚ್ಚಿದ. ಕಂಪನಿಗೆ ಹಲವು ದೇಶಗಳಲ್ಲಿ ಕಾರ್ಖಾನೆಗಳಿದ್ದವು. ಯಾವ ಅಚ್ಚು ಎಲ್ಲಿ ದುಡಿಯಬೇಕೆಂದು ದೂರದಲ್ಲಿ ಕುಳಿತವರು ಯೋಜನೆ ಹಾಕುತ್ತಿದ್ದರು. ನನ್ನನ್ನು ಮೊದಲು ಪೋಲೆಂಡಿಗೆ ಕಳಿಸಿದರು. ಅಲ್ಲಿ ಅಗ್ನ್ಯೆಶ್ಕಾ ಎಂಬ ಇಂಜಿನಿಯರ್ ನನ್ನನ್ನು ಮಗುವಿನಂತೆ ನೋಡಿಕೊಂಡಳು. ಭಾರತದಲ್ಲಿ ಪಂಪುಗಳಿಗೆ ಬೇಡಿಕೆ ಹೆಚ್ಚಿದಾಗ ಯೋಜನೆ ಬದಲಾಯಿತು. ಅವಳು ಬೇಡವೆಂದರೂ ನಾನು ಧಾರವಾಡಕ್ಕೆ ಬಂದೆ.

ಇಲ್ಲಿ ನನ್ನ ಯಜಮಾನಿ ದಾನೇಶ್ವರಿ ನರೇಗಲ್ಲ, ವಿಭಾಗದ ಮುಖ್ಯಸ್ಥೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಬರಬರುತ್ತ ರೆಕ್ಕೆಗಳು ಸೊಟ್ಟಗೆ ಬೀಳತೊಡಗಿದವು. ಈ ತಿಂಗಳು ಸರಿಹೋಗದಿದ್ದರೆ ಅಚ್ಚು ಮೆಕ್ಸಿಕೋಗೆ ಎಂದು ಮೇಲಿನಿಂದ ಮಾತು ಬಂತು. ಅಲ್ಲಿ ನನ್ನ ಅವಳಿ ದುಡಿಯುತ್ತಿತ್ತು. ನಾನು ಹೋದರೆ ಇಲ್ಲಿನ ವಿಭಾಗಕ್ಕೆ ಬೀಗವೇ ಗತಿ.

"ತಪ್ಪು ಪ್ಲಾಸ್ಟಿಕ್ಕಿಂದ್ರೀ ಮೇಡಂ," ಎಂದ ಯಂತ್ರ ನಡೆಸುವ ರಜಾಕ್. "ನೀರು ನೋಡ್ರಿ, ಹೊರಗ ಬರೂದೂ ತಣ್ಣಗ ಐತಿ. ಅಚ್ಚು ಆರಾಮ ಐತಿ."

ದಾನೇಶ್ವರಿಯೂ ಹಾಗೆಯೇ ನಂಬಿ ಚೀಲದ ಮೇಲೆ ಚೀಲ ಪ್ಲಾಸ್ಟಿಕ್ ಬದಲಿಸಿ ನೋಡಿದಳು. ಸೊಟ್ಟ ನೆಟ್ಟಗಾಗಲಿಲ್ಲ. ಕೊನೆಗೆ ಪೋಲೆಂಡಿಗೆ ವಿಡಿಯೋ ಕರೆ ಮಾಡಿದಳು.

"ಅಗ್ನಿ ಅಕ್ಕಾ ಬಂದ್ಳ್ರೀ," ಎಂದು ರಜಾಕ್ ನಕ್ಕ.

ಅಗ್ನ್ಯೆಶ್ಕಾ ಎಲ್ಲವನ್ನೂ ಕೇಳಿ, ತನ್ನ ಹರಕು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಹಾಕಿದಳು: "ನೀರು ತಣ್ಣಗೆ ಹೋಗಿ ತಣ್ಣಗೇ ಬಂದರೆ, ಬಿಸಿಯೆಲ್ಲ ಎಲ್ಲಿ ಉಳಿಯಿತು?"

ದಾನೇಶ್ವರಿ ನನ್ನ ಮೈಮೇಲೆ ಕೈಯಿಟ್ಟು ಥಟ್ಟನೆ ಹಿಂದೆಗೆದಳು. "ಅಯ್ಯ ಶಿವನೇ, ಕಾದ ಹಂಚಾಗೇತಿ!"

ನೀರಿನ ದಾರಿಗಳೊಳಗೆ ಬಿಳಿ ಸುಣ್ಣದ ಪದರ ಕಟ್ಟಿತ್ತು. ಬೋರ್‌ವೆಲ್ಲಿನ ಗಡಸು ನೀರು ಮನೆಯ ಹಂಡೆಯಲ್ಲಿ ಕಟ್ಟುವ ಅದೇ ಪದರ. ಅದು ಅಡ್ಡ ನಿಂತು ನನ್ನ ಮೈಯ ಬಿಸಿಯನ್ನು ನೀರಿಗೆ ತಲುಪದಂತೆ ಮಾಡಿತ್ತು; ಅರೆಬರೆ ಆರಿದ ರೆಕ್ಕೆಗಳು ಸೊಟ್ಟವಾಗುತ್ತಿದ್ದವು. ಪೋಲೆಂಡಿನಲ್ಲಿ ಆ ಕಾಟವೇ ಇರಲಿಲ್ಲ. ದಾನೇಶ್ವರಿ ಆ ದಾರಿಗಳ ಮುಚ್ಚಿದ ತುದಿಗಳನ್ನು ಕೊರೆಸಿ, ತಿರುಗಿಸಿ ತೆಗೆಯಬಹುದಾದ ಹಿತ್ತಾಳೆ ಬಿರಡೆಗಳನ್ನು ಕೂರಿಸಿದಳು. ಆಗಾಗ ಬಿರಡೆ ಬಿಚ್ಚಿ ಒಳಗೆ ಬ್ರಷ್ ಆಡಿಸಿದರೆ ಸಾಕು. ರೆಕ್ಕೆಗಳು ಮತ್ತೆ ನೆಟ್ಟಗೆ ಬಂದವು. ನಾನು ಉಳಿದೆ.

ಅಷ್ಟರಲ್ಲಿ ಮೆಕ್ಸಿಕೋದಿಂದ ಕೇಳಿಕೆ ಬಂತು. ಅಲ್ಲಿಯೂ ರೆಕ್ಕೆಗಳು ಸೊಟ್ಟವಾಗುತ್ತಿದ್ದವು, ನೀವೇನು ಮಾಡಿದಿರಿ?

ಮ್ಯಾನೇಜರ್ ಕರಿಕಟ್ಟಿ ದನಿ ತಗ್ಗಿಸಿದರು. "ಹೇಳಬ್ಯಾಡ್ರಿ ದಾನೇಶ್ವರಿ. ಅವ್ರು ಸುಧಾರಿಸಿದ್ರ ಕೆಲಸ ಅಲ್ಲಿಗೇ ಹೋಗತೈತಿ. ನಮ್ಮ ಮಂದಿ ಹೊಟ್ಟಿ ನೋಡ್ರಿ."

ಆ ಮಾತು ಸುಳ್ಳಾಗಿರಲಿಲ್ಲ. ಆದರೂ ದಾನೇಶ್ವರಿ ಅಂದಳು: "ತನ್ನ ಕೈಯಿಂದ ಕಸಗೊಂಡ ಅಚ್ಚಿಗೆ ಪೋಲೆಂಡಿನ ಆ ಹೆಣ್ಣಮಗಳು ಔಷಧ ಹೇಳಿದ್ಳಲ್ರೀ ಸರ. ನಾ ಹೆಂಗ ಬಾಯಿ ಮುಚಗೊಂಡ ಕುಂದರ್ಲಿ?"

ಹೇಳಿಯೇಬಿಟ್ಟಳು. ಬಿರಡೆಗಳ ಚಿತ್ರವನ್ನೂ ಕಳಿಸಿದಳು.

ಕರಿಕಟ್ಟಿಯವರ ಭಯ ಅರ್ಧ ನಿಜವಾಯಿತು. ಮೆಕ್ಸಿಕೋ ಚೇತರಿಸಿಕೊಂಡು ನಮ್ಮ ಕೆಲಸದಲ್ಲಿ ಒಂದು ಪಾಲು ತೆಗೆದುಕೊಂಡಿತು. ಕೆಲಕಾಲ ಎರಡು ಯಂತ್ರಗಳು ಮುಸುಕು ಹೊದ್ದು ನಿಂತವು. ಇಲ್ಲಿನ ಬಿರಡೆ ಎರಡು ಕಾರ್ಖಾನೆಗಳ ಕೆಲಸ ಉಳಿಸಿದ್ದನ್ನು ಕಂಡ ಮೇಲಿನವರು ಆಗ ಯೋಜನೆಯನ್ನು ಮತ್ತೆ ತಿದ್ದಿದರು. ಹೊಸ ಅಚ್ಚು ಯಾವುದೇ ಆಗಲಿ, ಮೊದಲು ಧಾರವಾಡದಲ್ಲಿ ಪರೀಕ್ಷೆಯಾಗಬೇಕು. ಇಲ್ಲಿ ಕಲಿತದ್ದು ಎಲ್ಲ ಕಾರ್ಖಾನೆಗಳಿಗೂ ಹೋಗಬೇಕು. ಮುಸುಕು ತೆಗೆದರು. ರಜಾಕನ ಕೈಗೆ ಪುರುಸೊತ್ತಿಲ್ಲದಂತಾಯಿತು.

ಈಗ ನನ್ನ ಅಂಚುಗಳು ಸವೆದಿವೆ. ದುರಸ್ತಿ ಕೋಣೆಯ ಮೂಲೆಯಲ್ಲಿ ಎಣ್ಣೆ ಸವರಿಸಿಕೊಂಡು ಕುಳಿತಿದ್ದೇನೆ. ಮೊನ್ನೆ ಕೊರಿಯಾದಿಂದ ಹೊಸ ಅಚ್ಚು ಬಂತು. ನನಗೆ ಮೈ ಕೊರೆದು ಕೂರಿಸಿದ ಬಿರಡೆಗಳು ಅದಕ್ಕೆ ಹುಟ್ಟುತ್ತಲೇ ಬಂದಿವೆ. ಕೆಲಸಕ್ಕೆ ಹೊಸದಾಗಿ ಸೇರಿದವಳೊಬ್ಬಳು ಅವನ್ನು ಮುಟ್ಟಿ, "ಇವು ಯಾಕ್ರೀ?" ಎಂದಳು.

"ಅಚ್ಚಿಗೆ ಇರಬೇಕಲ್ಲವಾ, ಅದಕ್ಕ," ಎಂದ ರಜಾಕ್, ಬೇರೇನೋ ಕೆಲಸದ ಅವಸರದಲ್ಲಿ.

ನನ್ನ ಹೆಸರು ಯಾರೂ ಎತ್ತಲಿಲ್ಲ; ನನ್ನ ಬಿರಡೆ ಎಲ್ಲ ಅಚ್ಚುಗಳ ರೂಢಿಯಾಗಿಬಿಟ್ಟಿತ್ತು. ಅದಕ್ಕಿಂತ ದೊಡ್ಡ ಮರ್ಯಾದೆ ಒಂದು ಅಚ್ಚಿಗೆ ಇನ್ನೇನಿದೆ?